ಆತಪ ಮತ್ತು ಉದ್ಯೋತ: ಬಲ್ಬು ಸೂರ್ಯನಾಗಬಲ್ಲದೇ?

(ಮುಂಬಯಿ ಉಪನಗರದ ಕನ್ನಡ ಜೈನ ಸಂಘವೊಂದರ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ವೇದಿಕೆಗೆ ಬರಲು ಕಾರಣ ಸಂಘದ ಮುಂದಿರುವ ಎರಡು ಅರ್ಜಿಗಳು. ಒಂದಕ್ಕೆ ಹಿರಿಯರು ಸಹಿ ಹಾಕಿದ್ದಾರೆ. ರಾತ್ರಿಭೋಜನ ತ್ಯಾಗವನ್ನು ಪಾಲಿಸದವರು ಕಾರ್ಯಕಾರಿ ಸಮಿತಿಗೆ ನಿಲ್ಲಕೂಡದೆಂಬುದು ಅದರ ಬೇಡಿಕೆ. ಇನ್ನೊಂದು ತರುಣರದು. ಎಲ್‌ಇಡಿ ದೀಪ ಹಗಲಿನಷ್ಟೇ ಬೆಳಕು ಕೊಡುತ್ತಿರುವಾಗ ಆ ನಿಯಮಕ್ಕಿದ್ದ ಕಾರಣವೇ ಹೋಯಿತು, ಆದುದರಿಂದ ವರ್ಷದ ಸ್ನೇಹಭೋಜನವನ್ನು ಕಚೇರಿ ಮುಗಿಸಿ ಬರುವವರ ಅನುಕೂಲಕ್ಕೆ ರಾತ್ರಿ ಎಂಟೂವರೆಗೆ ಇಡಬೇಕೆಂದು ಅವರು ಕೇಳಿದ್ದಾರೆ. ವಿಚಿತ್ರವೆಂದರೆ ಎರಡೂ ಅರ್ಜಿಗಳು ವಿಜ್ಞಾನವನ್ನೇ ಸಾಕ್ಷಿಗೆ ಕರೆದಿವೆ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನಾದ್ದರಿಂದ ಆ ಸಾಕ್ಷಿಯ ಪರವಾಗಿ ಮಾತನಾಡುವಂತೆ ಅಧ್ಯಕ್ಷರು ನನಗೆ ಹೇಳಿದರು. ಸಾಕ್ಷಿಯ ಹೇಳಿಕೆ ಎರಡು ಕಡೆಯವರಿಗೂ ಪೂರ್ತಿ ಹಿಡಿಸಲಾರದು ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

ಸೂರ್ಯನ ಬೆಳಕಿಗೂ ಬೇರೆ ಬೆಳಕಿಗೂ ಇರುವ ವ್ಯತ್ಯಾಸ ನಮ್ಮ ಪರಂಪರೆಗೆ ಹೊಸ ಪ್ರಶ್ನೆಯೇನಲ್ಲ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಬರುವ ಭೋಗಭೂಮಿಯ ಕಥೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ಜ್ಯೋತಿರಂಗವೆಂಬ ಕಲ್ಪವೃಕ್ಷಗಳ ಬೆಳಕು ಎಷ್ಟಿತ್ತೆಂದರೆ ಜನರಿಗೆ ಆಕಾಶದ ಸೂರ್ಯಚಂದ್ರರೇ ಕಾಣುತ್ತಿರಲಿಲ್ಲ. ಕಾಲ ಇಳಿಯುತ್ತ ಬಂದು ಆ ಮರಗಳ ಕಾಂತಿ ಮಸುಕಾದಾಗ, ಒಂದು ಸಂಜೆ ಮೊದಲ ಬಾರಿಗೆ ಅವರು ಸೂರ್ಯನನ್ನೂ ಚಂದ್ರನನ್ನೂ ಕಂಡು ಹೆದರಿದರು. ಮೊದಲ ಕುಲಕರನಾದ ಪ್ರತಿಶ್ರುತಿ, ಇವು ಹೊಸತಲ್ಲ, ಮೊದಲಿನಿಂದಲೂ ಇದ್ದವು, ನಿಮ್ಮ ಮರಗಳ ಬೆಳಕಿನಲ್ಲಿ ಮರೆಯಾಗಿದ್ದವು ಎಂದು ತಿಳಿಹೇಳಿ ಅವರ ಭಯ ಕಳೆದ. ಇಪ್ಪತ್ತನಾಲ್ಕು ಗಂಟೆಯೂ ದೀಪ ಉರಿಯುವ ಈ ಮುಂಬಯಿಯಲ್ಲಿ ನಕ್ಷತ್ರವನ್ನೇ ಕಾಣದೆ ಬೆಳೆದ ನಮ್ಮ ಮೊಮ್ಮಕ್ಕಳನ್ನು ನೋಡುವಾಗೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ.

ಇನ್ನೊಂದು, ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ. ಪುದ್ಗಲದ ಪರ್ಯಾಯಗಳನ್ನು ಎಣಿಸುವಾಗ ಸೂತ್ರಕಾರರು ಕತ್ತಲೆ, ನೆರಳುಗಳ ಜೊತೆಗೆ ಆತಪ ಮತ್ತು ಉದ್ಯೋತ ಎಂದು ಎರಡನ್ನು ಬೇರೆ ಬೇರೆಯಾಗಿ ಹೇಳಿದ್ದಾರೆ. ಆತಪವೆಂದರೆ ಸೂರ್ಯನಿಂದ ಬರುವ, ಶಾಖವುಳ್ಳ ಪ್ರಕಾಶ. ಉದ್ಯೋತವೆಂದರೆ ಚಂದ್ರ, ಮಣಿ, ಮಿಂಚುಹುಳು ಮುಂತಾದವುಗಳ ತಂಪು ಬೆಳಕು. ಎರಡನ್ನೂ ‘ಬೆಳಕು’ ಎಂಬ ಒಂದೇ ಚೀಲಕ್ಕೆ ತುಂಬದೆ ಬೇರೆ ಇಟ್ಟ ಆ ವಿವೇಕ ಇಂದಿಗೂ ಉಪಯುಕ್ತ. ನಮ್ಮ ಶಾಸ್ತ್ರಕಾರರಿಗೆ ಎಲ್‌ಇಡಿ ಮೊದಲೇ ಗೊತ್ತಿತ್ತೆಂದು ಹೇಳುವ ಜಾತಿಯವನು ನಾನಲ್ಲ. ಅಂಥ ಮಾತು ಶಾಸ್ತ್ರಕ್ಕೂ ಗೌರವ ತರುವುದಿಲ್ಲ, ವಿಜ್ಞಾನಕ್ಕೂ ತರುವುದಿಲ್ಲ.

ಈಗ ತರುಣರ ಮಾತನ್ನು ಪರೀಕ್ಷಿಸೋಣ. ದೀಪ ಹಗಲಿನಷ್ಟೇ ಪ್ರಖರವೆಂದು ನಮಗೆ ತೋರುವುದು ನಿಜ. ಆದರೆ ಕಣ್ಣು ಈ ವಿಷಯದಲ್ಲಿ ನಂಬಲರ್ಹ ಸಾಕ್ಷಿಯಲ್ಲ. ಬೆಳಕು ಕಡಿಮೆಯಾದರೆ ಪಾಪೆ ಅಗಲವಾಗುತ್ತದೆ, ಅಕ್ಷಿಪಟಲದ ಸಂವೇದನೆ ಹೆಚ್ಚುತ್ತದೆ. ಕೆಲವೇ ನಿಮಿಷಗಳಲ್ಲಿ ಎಲ್ಲವೂ ಸರಿಯಾಗಿದೆ ಎಂದು ಕಣ್ಣು ನಮ್ಮನ್ನು ಒಪ್ಪಿಸಿಬಿಡುತ್ತದೆ. ಅಳೆಯುವುದಕ್ಕೆ ಲಕ್ಸ್ ಎಂಬ ಮಾನವಿದೆ. ಒಂದು ಮೇಣದ ಬತ್ತಿಯಿಂದ ಒಂದು ಮೀಟರ್ ದೂರದಲ್ಲಿ ಬೀಳುವ ಬೆಳಕು ಸುಮಾರು ಒಂದು ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಅದರ ಕಾಲುಭಾಗ. ರಾತ್ರಿ ನಮ್ಮ ಮನೆಯ ನಡುಮನೆಯಲ್ಲಿ 100ರಿಂದ 300 ಲಕ್ಸ್, ಒಳ್ಳೆಯ ಕಚೇರಿಯಲ್ಲಿ 500. ಹೊರಗೆ ಶುಭ್ರ ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಎಷ್ಟು? ಒಂದು ಲಕ್ಷ. ಮೋಡ ಕವಿದ ದಿನವೂ ಬಯಲಿನಲ್ಲಿ ಕೆಲವು ಸಾವಿರ ಲಕ್ಸ್ ಇರುತ್ತದೆ. ಅಂದರೆ ಆಷಾಢದ ಮಬ್ಬು ಹಗಲು ಕೂಡ ನಮ್ಮ ಅತ್ಯಂತ ಝಗಮಗಿಸುವ ಊಟದ ಕೋಣೆಗಿಂತ ಹತ್ತಾರು ಪಟ್ಟು ಪ್ರಕಾಶಮಾನ.

ಅಂತರದ ಲೆಕ್ಕವನ್ನೂ ಸೇರಿಸಿಕೊಳ್ಳಿ. ದೀಪದಿಂದ ಎರಡು ಪಟ್ಟು ದೂರ ಹೋದರೆ ಬೆಳಕು ನಾಲ್ಕನೇ ಒಂದು ಪಾಲಾಗುತ್ತದೆ, ಮೂರು ಪಟ್ಟು ಹೋದರೆ ಒಂಬತ್ತನೇ ಒಂದು. ತಟ್ಟೆಯ ನೇರಕ್ಕೆ ತೂಗಿದ ಬಲ್ಬು ತಟ್ಟೆಯನ್ನು ಬೆಳಗುತ್ತದೆ, ಮೂಲೆಯ ಒಲೆಯನ್ನು ಬೆಳಗುವುದಿಲ್ಲ. ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್ ಆಚೆಗಿದ್ದಾನೆ. ಅವನ ಬೆಳಕು ನಮ್ಮನ್ನು ತಲುಪಲು ಎಂಟು ನಿಮಿಷಕ್ಕೂ ಮಿಕ್ಕಿ ಹಿಡಿಯುತ್ತದೆ. ಅಷ್ಟು ದೂರದವನಿಗೆ ನಮ್ಮ ಅಂಗಳದ ಈ ತುದಿಯೂ ಆ ತುದಿಯೂ ಒಂದೇ.

ಪ್ರಮಾಣದ ಮಾತಾಯಿತು, ಇನ್ನು ಗುಣದ್ದು. ನಮ್ಮ ಅವ್ವ ಅಕ್ಕಿ ಆರಿಸುವುದಕ್ಕೆ ಎಂದೂ ಅಡಿಗೆಮನೆಯಲ್ಲಿ ಕೂರುತ್ತಿರಲಿಲ್ಲ. ಬೆಳಗಾವಿ ಕಡೆಯ ನಮ್ಮೂರಿನ ಮನೆಯ ಕಟ್ಟೆಯ ಮೇಲೆ, ಬೆಳಗಿನ ಬಿಸಿಲಿಗೆ ಮೊರವನ್ನು ಸ್ವಲ್ಪ ಓರೆಯಾಗಿ ಹಿಡಿದು, ನುಸಿಯನ್ನೂ ಹುಳುವನ್ನೂ ಬೆರಳ ತುದಿಯಿಂದ ಎತ್ತಿ, ಸಾಯದಂತೆ ಪಕ್ಕದ ಗಿಡದ ಬುಡಕ್ಕೆ ಬಿಡುತ್ತಿದ್ದಳು. ಮನೆಗೆ ಕರೆಂಟು ಬಂದ ಮೇಲೆ ಅಪ್ಪ, ಇನ್ನು ರಾತ್ರಿಯೂ ಆರಿಸಬಹುದಲ್ಲ ಎಂದರಂತೆ. ಎರಡು ದಿನ ನೋಡಿ ಅವ್ವ ಮತ್ತೆ ಕಟ್ಟೆಗೇ ಬಂದಳು. ಬಲ್ಬಿನ ಬೆಳಕಿನಲ್ಲಿ ಎಲ್ಲವೂ ಒಂದೇ ಬಣ್ಣ ಕಾಣುತ್ತದೆ, ಹುಳ ಯಾವುದು ನುಚ್ಚು ಯಾವುದು ತಿಳಿಯುವುದಿಲ್ಲ ಎಂದಳು. ಅವಳು ಅಂದು ಹೇಳಿದ್ದನ್ನೇ ನಾನು ಮುಂದೆ ತರಗತಿಯಲ್ಲಿ ಎರಡು ಗಂಟೆ ಪಾಠ ಮಾಡುತ್ತಿದ್ದೆ.

ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಕಾವಿನದು. ಅಷ್ಟು ಕಾದ ವಸ್ತು ನೇರಳೆಯಿಂದ ಕೆಂಪಿನವರೆಗೆ ಎಲ್ಲ ಬಣ್ಣಗಳನ್ನೂ ಬಿಡುವಿಲ್ಲದೆ ಸೂಸುತ್ತದೆ, ಜೊತೆಗೆ ಕಣ್ಣಿಗೆ ಕಾಣದ ಅತಿನೇರಳೆಯನ್ನೂ ಅವಕೆಂಪನ್ನೂ. ಹಳೆಯ ಬಲ್ಬಿನ ಟಂಗ್‌ಸ್ಟನ್ ತಂತಿ ಇದರ ಅರ್ಧದಷ್ಟೂ ಕಾಯುವುದಿಲ್ಲ. ಆದುದರಿಂದ ಅದರಲ್ಲಿ ಹಳದಿ, ಕೆಂಪು ಹೆಚ್ಚು, ನೀಲಿ ತೀರ ಕಡಿಮೆ, ಮತ್ತು ನಾವು ಕಟ್ಟುವ ಬಿಲ್ಲಿನ ಬಹುಪಾಲು ಶಾಖಕ್ಕೇ ಹೋಗುತ್ತದೆ. ಟ್ಯೂಬ್‌ಲೈಟು ಪಾದರಸದ ಆವಿಯಿಂದ ಅತಿನೇರಳೆಯನ್ನು ಹುಟ್ಟಿಸಿ, ಗಾಜಿನ ಒಳಗೋಡೆಗೆ ಬಳಿದ ಪುಡಿಯ ಮೂಲಕ ಅದನ್ನು ಕಾಣುವ ಬೆಳಕಾಗಿ ಮಾಡುತ್ತದೆ. ಅದರ ವರ್ಣಪಟಲ ಹಲ್ಲು ಬಿದ್ದ ಬಾಚಣಿಗೆಯಂತೆ, ಕೆಲವು ಬಣ್ಣ ಉಂಟು, ನಡುನಡುವೆ ಕೆಲವು ಇಲ್ಲ. ಎಲ್‌ಇಡಿಯ ಮೂಲ ಒಂದು ಚಿಕ್ಕ ನೀಲಿ ಹರಳು. 2014ರಲ್ಲಿ ಅಕಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ ನೊಬೆಲ್ ಬಂದದ್ದು ಆ ನೀಲಿಯನ್ನು ಸಾಧಿಸಿದ್ದಕ್ಕೆ. ನೀಲಿಯ ಮೇಲೆ ಹಳದಿ ಪುಡಿಯ ಲೇಪವಿಟ್ಟರೆ ನೀಲಿಯೂ ಹಳದಿಯೂ ಬೆರೆತು ನಮ್ಮ ಕಣ್ಣಿಗೆ ಬಿಳಿಯೆಂದು ತೋರುತ್ತದೆ. ಒಳಗೆ ನೋಡಿದರೆ ಅದರಲ್ಲಿ ಒಂದು ಎತ್ತರದ ನೀಲಿ ಶಿಖರ, ಆಮೇಲೊಂದು ಕಣಿವೆ, ಆಮೇಲೆ ಹಳದಿಯ ದಿಬ್ಬ. ಗಾಢ ಕೆಂಪಿನಲ್ಲಿ ಬಡತನ. ಸೀರೆ ಅಂಗಡಿಗೆ ಹೋದ ತಾಯಂದಿರು ಸೀರೆಯನ್ನು ಬಾಗಿಲಿಗೆ ಒಯ್ದು ಹೊರಬೆಳಕಿನಲ್ಲಿ ನೋಡುವುದು ಇದಕ್ಕೇ. ಅಂಗಡಿಯವನು ಮುಖ ಸಿಂಡರಿಸಿದರೂ ನೋಡಿಯೇ ತೀರಬೇಕು.

ಹಾಗೆಂದು ದೀಪವನ್ನು ಹಳಿಯುವುದಕ್ಕೆ ನಾನು ಬಂದಿಲ್ಲ. ಒಂಬತ್ತು ವ್ಯಾಟಿನ ಎಲ್‌ಇಡಿ ಹಳೆಯ ಅರುವತ್ತು ವ್ಯಾಟಿನ ಬಲ್ಬಿನ ಕೆಲಸ ಮಾಡುತ್ತದೆ. 2015ರಿಂದ ಉಜಾಲಾ ಯೋಜನೆಯಲ್ಲಿ ಅಗ್ಗವಾಗಿ ಹಂಚಿದ ಬಲ್ಬುಗಳು ಕೋಟಿಗಟ್ಟಲೆ ಮನೆಗಳ ಬಿಲ್ಲು ಇಳಿಸಿವೆ. ನಮ್ಮ ಹಳ್ಳಿಯ ಹುಡುಗರು ಚಿಮಣಿಯ ಹೊಗೆಯಲ್ಲಿ ಓದಿ ಕೆಮ್ಮುವುದು ತಪ್ಪಿದೆ. ಓದಿಗೆ, ಬರಹಕ್ಕೆ, ರಾತ್ರಿ ಹೆರಿಗೆಗೆ, ರಸ್ತೆಯಲ್ಲಿ ಒಬ್ಬಳೇ ನಡೆಯುವ ಹೆಣ್ಣುಮಗಳ ಧೈರ್ಯಕ್ಕೆ ದೀಪ ಮಾಡಿರುವ ಉಪಕಾರ ಸಣ್ಣದಲ್ಲ. 1905ರ ಆಗಸ್ಟಿನಲ್ಲಿ, ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡಾಗ ಜನ ಸಂಭ್ರಮಿಸಿದ್ದು ನ್ಯಾಯವೇ.

ಆದರೆ ಪ್ರಶ್ನೆ ಊಟದ್ದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತರುಣರ ಈ ವಾದವನ್ನು ಸುಮಾರು ಸಾವಿರ ವರ್ಷದ ಹಿಂದೆಯೇ ಎತ್ತಿಕೊಂಡಿದ್ದಾರೆ. ಸೂರ್ಯನ ಬೆಳಕಿಲ್ಲದಾಗ ದೀಪ ಹಚ್ಚಿಕೊಂಡರೂ, ಆಹಾರದಲ್ಲಿ ಸೇರುವ ಸೂಕ್ಷ್ಮಜೀವಿಗಳ ಹಿಂಸೆಯನ್ನು ಉಣ್ಣುವವನು ಹೇಗೆ ತಪ್ಪಿಸಿಯಾನು ಎಂಬುದು ಅವರ ಪ್ರಶ್ನೆಯ ಸಾರ. ಕತ್ತಲೆಯಲ್ಲಿ ಕಾಣದು, ಆದುದರಿಂದ ಉಣ್ಣಬೇಡ ಎಂದಷ್ಟೇ ಅವರು ಹೇಳಿದ್ದರೆ, ದೀಪ ಬಂದೊಡನೆ ಆ ಮಾತು ಮುಗಿಯುತ್ತಿತ್ತು. ಅವರು ದೀಪವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಜೀವಿ ದೀಪದ ಬಳಿಗೆ ಬರುತ್ತದೆ, ನಮ್ಮ ಅನ್ನವೂ ದೀಪದ ಬಳಿಯಲ್ಲೇ ಇರುತ್ತದೆ.

ಹುಳುಗಳು ದೀಪಕ್ಕೆ ಏಕೆ ಬರುತ್ತವೆ ಎಂಬ ಪ್ರಶ್ನೆಗೆ ಇತ್ತೀಚೆಗೆ ಒಂದು ಸೊಗಸಾದ ಉತ್ತರ ಸಿಕ್ಕಿದೆ. ಪತಂಗ ದೀಪವನ್ನು ಪ್ರೀತಿಸುತ್ತದೆಂದು ನಮ್ಮ ಕವಿಗಳೂ, ಅದು ಚಂದ್ರನೆಂದು ದೀಪವನ್ನು ತಪ್ಪು ತಿಳಿಯುತ್ತದೆಂದು ಹಳೆಯ ಪುಸ್ತಕಗಳೂ ಹೇಳುತ್ತಿದ್ದವು. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರೂ ಅವರ ಸಂಗಡಿಗರೂ ಅತಿವೇಗದ ಕ್ಯಾಮೆರಾಗಳಿಂದ ಹುಳುಗಳ ಹಾರಾಟವನ್ನು ಸೆರೆಹಿಡಿದು 2024ರ ಜನವರಿಯಲ್ಲಿ ಪ್ರಕಟಿಸಿದರು. ಹಾರುವ ಕೀಟ ತನ್ನ ಬೆನ್ನನ್ನು ಯಾವಾಗಲೂ ಹೆಚ್ಚು ಬೆಳಕಿರುವ ಕಡೆಗೆ ತಿರುಗಿಸಿಕೊಳ್ಳುತ್ತದೆ. ಕೋಟ್ಯಂತರ ವರ್ಷ ಬೆಳಕಿದ್ದದ್ದು ಆಕಾಶದಲ್ಲಿ, ಮೇಲಕ್ಕೆ. ಬೆನ್ನು ಬೆಳಕಿಗೆ ಇದ್ದರೆ ಕಾಲು ನೆಲಕ್ಕೆ ಇದ್ದ ಹಾಗೆ. ಪಕ್ಕದಲ್ಲೊಂದು ಬಲ್ಬು ಉರಿದರೆ ಆ ಬಡಜೀವಿ ಬೆನ್ನನ್ನು ಬಲ್ಬಿಗೆ ತಿರುಗಿಸಿ, ಸುತ್ತಿ ಸುತ್ತಿ, ಹೊರಬರಲಾರದೆ ಸಿಕ್ಕಿಬೀಳುತ್ತದೆ. ಬಲ್ಬಿನ ಮೇಲೆ ಹಾರಿ ಬಂದರೆ ತಲೆಕೆಳಗಾಗಿ ನೆಲಕ್ಕೆ ಅಪ್ಪಳಿಸುತ್ತದೆ. ಮುಂಗಾರಿನ ಮೊದಲ ಮಳೆಯಾದ ಸಂಜೆ ರೆಕ್ಕೆಯ ಗೆದ್ದಲು ಟ್ಯೂಬಿನ ಕೆಳಗೆ ರಾಶಿ ಬೀಳುವುದನ್ನು ನಾವೆಲ್ಲ ಕಂಡವರೇ. ಅತಿನೇರಳೆ ಸೂಸದ ಎಲ್‌ಇಡಿಗೆ ಹಳೆಯ ಪಾದರಸದ ದೀಪಕ್ಕಿಂತ ಕಡಿಮೆ ಹುಳು ಬರುತ್ತವೆ, ಬೆಚ್ಚನೆಯ ಹಳದಿ ಎಲ್‌ಇಡಿಗೆ ಇನ್ನೂ ಕಡಿಮೆ. ಆದರೂ ಬರುತ್ತವೆ. ಸೂರ್ಯನ ಬೆಳಕಿನಲ್ಲಿ ಕೀಟಕ್ಕೆ ದಾರಿ ಕಾಣುತ್ತದೆ, ದೀಪದ ಬೆಳಕಿನಲ್ಲಿ ದಾರಿ ತಪ್ಪುತ್ತದೆ. ಆಚಾರ್ಯರ ಆಕ್ಷೇಪ ಈ ಅಂಶದಲ್ಲಿ ಇಂದಿಗೂ ನಿಂತಿದೆ ಎಂದು ತರುಣರು ಒಪ್ಪಬೇಕು. ಹದಿನಾಲ್ಕನೆಯ ಮಹಡಿಯಲ್ಲಿ ಜಾಲರಿ ಹಾಕಿದ ಕಿಟಕಿಯೊಳಗೆ ಎಷ್ಟು ಹುಳು ಬರುತ್ತವೆ ಎಂದು ಅವರು ಕೇಳಿದರೆ, ಬಹಳ ಕಡಿಮೆ ಎಂದು ಹಿರಿಯರೂ ಒಪ್ಪಬೇಕು.

ಈಗ ಹಿರಿಯರ ಅರ್ಜಿ. ಅದರಲ್ಲಿ ಮೂರು ಮಾತುಗಳಿವೆ: ಸೂರ್ಯಕಿರಣ ಆಹಾರದ ಕ್ರಿಮಿಗಳನ್ನು ಕೊಲ್ಲುತ್ತದೆ, ಅಸ್ತವಾದೊಡನೆ ಅವು ಹುಟ್ಟುತ್ತವೆ, ಸೂರ್ಯ ಮುಳುಗಿದೊಡನೆ ಜಠರ ಮುಚ್ಚಿಕೊಳ್ಳುತ್ತದೆ, ಹಗಲೂಟದಿಂದ ವಿಟಮಿನ್ ಡಿ ಸಿಗುತ್ತದೆ. ಗೌರವದಿಂದಲೇ ಹೇಳುತ್ತೇನೆ, ಇವು ಈ ರೂಪದಲ್ಲಿ ನಿಲ್ಲುವುದಿಲ್ಲ.

ಬಿಸಿಲಿಗೆ ಕ್ರಿಮಿ ಕೊಲ್ಲುವ ಶಕ್ತಿಯಿದೆ, ಸಂಶಯವಿಲ್ಲ. ಡೌನ್ಸ್ ಮತ್ತು ಬ್ಲಂಟ್ ಎಂಬ ಇಬ್ಬರು ಇಂಗ್ಲಿಷರು ಅದನ್ನು 1877ರಲ್ಲೇ ತೋರಿಸಿದರು. ಆದರೆ ಅದು ಮುಖ್ಯವಾಗಿ ಅತಿನೇರಳೆಯ ಕೆಲಸ, ಅದಕ್ಕೆ ಗಂಟೆಗಟ್ಟಲೆ ನೇರ ಬಿಸಿಲು ಬೇಕು. ಸಂಜೆ ಐದೂವರೆಯ ಓರೆ ಬಿಸಿಲು ವಾತಾವರಣದ ದಪ್ಪ ಪದರವನ್ನು ದಾಟಿ ಬರುವಾಗ ಆ ಭಾಗವನ್ನು ಬಹುತೇಕ ಕಳೆದುಕೊಂಡಿರುತ್ತದೆ. ಅದೂ ನಮ್ಮ ಊಟದ ಕೋಣೆಯೊಳಕ್ಕೆ ಬರುವುದಿಲ್ಲ. ವಿಟಮಿನ್ ಡಿಯ ಕಥೆಯೂ ಅಷ್ಟೇ: ಅದು ಚರ್ಮದಲ್ಲಿ ಹುಟ್ಟುವುದು ಅತಿನೇರಳೆಯ ಬಿ ಎಂಬ ಪಟ್ಟಿಯಿಂದ, ಕಿಟಕಿಯ ಗಾಜು ಅದನ್ನು ತಡೆದುಬಿಡುತ್ತದೆ. ಗಾಜಿನ ಹಿಂದೆ ಕುಳಿತು ಬೆಚ್ಚಗಾಗಬಹುದು, ವಿಟಮಿನ್ ಸಿಗುವುದಿಲ್ಲ. ಸುಲಭದ ಪರೀಕ್ಷೆ ಬೇಕಾದರೆ ನಿಮ್ಮ ನೆರಳನ್ನು ನೋಡಿ. ನೆರಳು ನಿಮಗಿಂತ ಉದ್ದವಾಗಿದ್ದರೆ ಆ ಹೊತ್ತಿನ ಬಿಸಿಲಿನಿಂದ ವಿಟಮಿನ್ ಡಿ ಅಲ್ಪ. ಸಂಜೆಯ ಊಟದ ಹೊತ್ತಿಗೆ ನೆರಳು ಎಷ್ಟುದ್ದ ಇರುತ್ತದೆ ನೀವೇ ಹೇಳಿ.

ಜಠರದ ಮಾತಿನಲ್ಲಿ ಮಾತ್ರ ಒಂದು ಎಳೆ ಸತ್ಯವಿದೆ. ನಮ್ಮ ಜೀವಕೋಶಗಳಲ್ಲಿ ದಿನದ ಗಡಿಯಾರವಿದೆ. ಅದರ ಯಂತ್ರವನ್ನು ಬಿಡಿಸಿ ತೋರಿಸಿದ ಹಾಲ್, ರೋಸ್‌ಬಾಶ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂದಿತು. ಒಂದೇ ಊಟವನ್ನು ಬೆಳಗ್ಗೆ ಉಂಡಾಗಿನದಕ್ಕಿಂತ ರಾತ್ರಿ ಉಂಡಾಗ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ. ಈ ಗಡಿಯಾರವನ್ನು ದಿನದಿನವೂ ಸರಿಪಡಿಸುವುದು ಬೆಳಕು. ಅಕ್ಷಿಪಟಲದಲ್ಲಿ ನೋಡುವುದಕ್ಕಲ್ಲದೆ ಹಗಲೋ ರಾತ್ರಿಯೋ ಎಂದು ತಿಳಿಯುವುದಕ್ಕೇ ಮೀಸಲಾದ ಕೆಲವು ಕೋಶಗಳಿವೆ, ಅವು ನೀಲಿ ಬೆಳಕಿಗೆ ಹೆಚ್ಚಾಗಿ ಸ್ಪಂದಿಸುತ್ತವೆ. ಬೆಳಗ್ಗೆ ಬಯಲಿನ ಸಾವಿರಾರು ಲಕ್ಸ್ ಕಣ್ಣಿಗೆ ಬೀಳದೆ, ರಾತ್ರಿ ಹನ್ನೊಂದರವರೆಗೆ ನೀಲಿಭರಿತ ಬಿಳಿದೀಪವೂ ಮೊಬೈಲ್ ಪರದೆಯೂ ಬಿದ್ದರೆ, ಒಳಗಿನ ಗಡಿಯಾರ ಹಿಂದೆ ಬೀಳುತ್ತದೆ, ನಿದ್ರೆ ತರುವ ಮೆಲಟೋನಿನ್ ತಡವಾಗುತ್ತದೆ. ಆದರೆ ಈ ಗಡಿಯಾರ ಪಂಚಾಂಗ ನೋಡುವುದಿಲ್ಲ. ಸೂರ್ಯಾಸ್ತದ ಒಂದು ನಿಮಿಷ ಹಿಂದೆ ಪಚನವಾಗುವುದು ಒಂದು ನಿಮಿಷದ ಬಳಿಕ ವಿಷವಾಗುವುದಿಲ್ಲ.

ವ್ರತಕ್ಕೆ ನಿಜವಾದ ಆಧಾರ ಅಹಿಂಸೆ ಮತ್ತು ಸಂಯಮ. ಇವೆರಡೂ ಸಾಲವೆಂಬಂತೆ ನಾವು ಕ್ರಿಮಿ, ವಿಟಮಿನ್‌ಗಳ ಊರುಗೋಲು ಕೊಡುತ್ತಿದ್ದೇವೆ. ನಾಳೆ ನಮ್ಮ ಮನೆಯ ಮಗುವೇ ಶಾಲೆಯಲ್ಲಿ ಪಾಠ ಕಲಿತು ಬಂದು ಊರುಗೋಲು ಮುರಿದಾಗ, ವ್ರತವೇ ಮುರಿಯಿತೆಂದು ಅದು ತಿಳಿಯುತ್ತದೆ. ಹೀಗೆ ವ್ರತ ಬಿಟ್ಟ ತರುಣರನ್ನು ನಾನು ಬಲ್ಲೆ. ಅವರಿಗೆ ಸುಳ್ಳು ಕಾರಣ ಕೊಟ್ಟದ್ದು ನಾವು.

ಕೃತಕ ಬೆಳಕು ಸೂರ್ಯನಿಗಿಂತ ಚೆನ್ನಾಗಿ ಮಾಡುವ ಕೆಲಸಗಳೂ ಇವೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ದಾದಿಯೊಬ್ಬರು ಹಸುಗೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಬಿಸಿಲು ಬಿದ್ದ ಕಡೆ ಕಾಮಾಲೆಯ ಹಳದಿ ಇಳಿದಿದೆ, ಬಟ್ಟೆ ಮುಚ್ಚಿದ ಕಡೆ ಉಳಿದಿದೆ ಎಂದು ಅವರ ಕಣ್ಣಿಗೆ ಬಿತ್ತು. ವೈದ್ಯರು ಅದನ್ನು ಬೆನ್ನಟ್ಟಿ, ಆ ಗುಣ ಇರುವುದು ನೀಲಿ ಬೆಳಕಿನಲ್ಲೆಂದು ಕಂಡು, 1958ರಲ್ಲಿ ಪ್ರಕಟಿಸಿದರು. ಇಂದು ನಮ್ಮ ಊರಿನ ಆಸ್ಪತ್ರೆಗಳಲ್ಲೂ ಕಾಮಾಲೆಯ ಕೂಸನ್ನು ನೀಲಿ ದೀಪದ ಕೆಳಗೆ ಮಲಗಿಸುತ್ತಾರೆ. ಮಳೆಗಾಲದಲ್ಲೂ ರಾತ್ರಿಯಲ್ಲೂ ಅದು ಸಿಗುತ್ತದೆ, ಚರ್ಮ ಸುಡುವುದಿಲ್ಲ. ಇಂಥ ಕಡೆ ಅಜ್ಜಿಯಂದಿರು ಬಿಸಿಲೇ ಸಾಕು ಎಂದು ಹಟ ಹಿಡಿಯಬಾರದು. ಸೂರ್ಯ ಎಲ್ಲವನ್ನೂ ಒಟ್ಟಿಗೆ ಕೊಡುತ್ತಾನೆ. ದೀಪದಲ್ಲಿ ಬೇಕಾದ ಒಂದನ್ನು ಮಾತ್ರ ಆರಿಸಿ ಪಡೆಯಬಹುದು.

ಇಷ್ಟು ಹೇಳಿ ನನಗೆ ನಿಜವಾಗಿ ಚಿಂತೆಯಾಗಿರುವ ವಿಷಯಕ್ಕೆ ಬರುತ್ತೇನೆ. ಈ ಸಭೆಯಲ್ಲಿ ಮುಂದಿನ ಎರಡು ಸಾಲಿನಲ್ಲಿ ಕುಳಿತ ಮಕ್ಕಳನ್ನು ನೋಡಿ. ಎಷ್ಟು ಜನಕ್ಕೆ ಕನ್ನಡಕವಿದೆ! ನಮ್ಮ ಕಾಲದಲ್ಲಿ ಶಾಲೆಗೊಬ್ಬ ಕನ್ನಡಕದ ಹುಡುಗ ಇರುತ್ತಿದ್ದ, ಅವನಿಗೆ ಅಡ್ಡಹೆಸರೂ ಇರುತ್ತಿತ್ತು. ಚೀನದ ಗುವಾಂಗ್‌ಝೌ ನಗರದಲ್ಲಿ ಹನ್ನೆರಡು ಶಾಲೆಗಳ ಒಂದನೆಯ ತರಗತಿಯ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಅರ್ಧ ಶಾಲೆಗಳಲ್ಲಿ ದಿನಕ್ಕೆ ಹೆಚ್ಚಿಗೆ 40 ನಿಮಿಷ ಮಕ್ಕಳನ್ನು ಹೊರಗೆ ಬಿಟ್ಟರು. ಮೂರು ವರ್ಷದ ಬಳಿಕ ನೋಡಿದರೆ, ಹೊರಗೆ ಬಿಟ್ಟ ಶಾಲೆಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ನೂರಕ್ಕೆ 30.4, ಮಿಕ್ಕ ಶಾಲೆಗಳಲ್ಲಿ 39.5. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮದ್ದಿಲ್ಲ, ಮಾತ್ರೆಯಿಲ್ಲ, ಬರೀ 40 ನಿಮಿಷದ ಬಯಲು. ಹಗಲ ಬೆಳಕಿನ ಪ್ರಖರತೆಯೇ ಕಣ್ಣಗುಡ್ಡೆ ಉದ್ದಕ್ಕೆ ಬೆಳೆಯದಂತೆ ತಡೆಯುತ್ತದೆಂಬುದು ಸಂಶೋಧಕರ ಬಲವಾದ ಅಭಿಪ್ರಾಯ. ನೂರೋ ಮುನ್ನೂರೋ ಲಕ್ಸಿನ ಕೋಣೆ ಎಷ್ಟು ಅಲಂಕಾರದ್ದಾದರೂ ಈ ಕೆಲಸ ಮಾಡುವುದಿಲ್ಲ.

ಆದರೆ ಮಗುವನ್ನು ಎಲ್ಲಿಗೆ ಬಿಡೋಣ? ಸೊಸೈಟಿಯ ಅಂಗಳ ಕಾರು ನಿಲ್ಲಿಸುವ ಜಾಗವಾಯಿತು, ಶಾಲೆಯ ಮೈದಾನದಲ್ಲಿ ಇನ್ನೊಂದು ಕಟ್ಟಡ ಎದ್ದಿತು, ಸಂಜೆಯ ಹೊತ್ತು ಟ್ಯೂಷನ್ನಿನ ಪಾಲಾಯಿತು. ಇದು ಸರ್ಕಾರದ, ನಗರಪಾಲಿಕೆಯ ರಾಜಕೀಯ. ಆದುದರಿಂದ ನಮ್ಮದೂ ರಾಜಕೀಯವಾಗಬೇಕು. ಇದೇ ಮುಂಬಯಿಯ ಗೋವಂಡಿಯಲ್ಲಿ ಲಲ್ಲೂಭಾಯಿ, ನಟವರ್ ಪಾರೇಖ್ ಕಾಂಪೌಂಡುಗಳೆಂಬ ಪುನರ್ವಸತಿ ಕಟ್ಟಡಗಳಿವೆ. ಒಂದರಿಂದೊಂದಕ್ಕೆ ಕೇವಲ ಮೂರು ಮೀಟರ್ ಅಂತರ. ಬಿಸಿಲೂ ಗಾಳಿಯೂ ಹೊಗದ ಕೆಳಮಹಡಿಗಳಲ್ಲಿ ಕ್ಷಯರೋಗ ಹೆಚ್ಚೆಂದು 2018ರ ಅಧ್ಯಯನವೊಂದು ತೋರಿಸಿತು. ಬಡವನಿಗೆ ಮನೆ ಕೊಟ್ಟೆವು ಎಂದು ಲೆಕ್ಕ ಬರೆದವರು ಬಿಸಿಲನ್ನು ಆ ಲೆಕ್ಕದಲ್ಲಿ ಸೇರಿಸಲಿಲ್ಲ. ಕಟ್ಟಡ ಕಟ್ಟುವ ಉದ್ಯಮದಲ್ಲಿ ನಮ್ಮ ಸಮಾಜದವರು ಕಡಿಮೆಯೇನಿಲ್ಲ. ಸೂರ್ಯಾಸ್ತಕ್ಕೆ ಮುನ್ನ ತಪ್ಪದೆ ಊಟ ಮುಗಿಸುವವರು, ತಾವು ಕಟ್ಟಿದ ಮನೆಗಳೊಳಗೆ ಸೂರ್ಯೋದಯ ಆಗುತ್ತದೆಯೇ ಎಂದೂ ನೋಡಬೇಕು.

ಇನ್ನೊಂದು ಕಹಿ ಮಾತು. ಹೋದ ವರ್ಷ ಒಂದು ಉತ್ಸವಕ್ಕೆ ಹೋಗಿದ್ದೆ, ಯಾವ ಊರೆಂದು ಬೇಡ. ಸಂಜೆ ಐದಕ್ಕೇ ಎಲ್ಲರಿಗೂ ಊಟ ಹಾಕಿ ಮುಗಿಸಿದರು, ಸಂತೋಷ. ಆಮೇಲೆ ರಾತ್ರಿ ಹನ್ನೊಂದರವರೆಗೆ ಮಂಟಪಕ್ಕೆ, ಮೆರವಣಿಗೆಗೆ, ಹತ್ತಾರು ಫ್ಲಡ್‌ಲೈಟು, ಸಾವಿರಾರು ಸೀರಿಯಲ್ ಸೆಟ್ಟು. ಬೆಳಗ್ಗೆ ಬೇಗ ಎದ್ದು ಹೋದಾಗ ಕೆಲಸದಾಕೆ ಫ್ಲಡ್‌ಲೈಟಿನ ಬುಡದಿಂದ ಸತ್ತ ಪತಂಗಗಳನ್ನು ಬುಟ್ಟಿಯಲ್ಲಿ ತುಂಬುತ್ತಿದ್ದಳು. ರಾತ್ರಿಯ ಒಂದು ತುತ್ತಿನಲ್ಲಿ ಒಂದು ಜೀವ ಹೋದೀತೆಂದು ಹೆದರುವ ನಾವು ಆ ಬುಟ್ಟಿಯ ಪಕ್ಕದಲ್ಲೇ ಪೂಜೆಗೆ ನಡೆದುಹೋದೆವು. ನಾನೂ ನಡೆದುಹೋದೆ.

ಕೊನೆಯದಾಗಿ, ಸಮಿತಿಗೆ ಯಾರು ನಿಲ್ಲಬಹುದು ಎಂಬ ಪ್ರಶ್ನೆ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಮುಂಬಯಿ ಅದರಿಂದ ಪಶ್ಚಿಮಕ್ಕಿರುವುದರಿಂದ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 39 ನಿಮಿಷ ಹಿಂದೆ. ಹೀಗಾಗಿ ಜೂನ್ ಕೊನೆಗೆ ಇಲ್ಲಿ ಏಳೂಕಾಲರವರೆಗೂ ಬೆಳಕು, ಡಿಸೆಂಬರಿನ ಆರಂಭದಲ್ಲಿ ಆರಕ್ಕೆ ಅಸ್ತ. ಅದೇ ಡಿಸೆಂಬರಿನಲ್ಲಿ ಚೆನ್ನೈಯವರಿಗೆ ಐದೂಮುಕ್ಕಾಲರೊಳಗೆ, ದೆಹಲಿಯವರಿಗೆ ಐದೂವರೆಯೊಳಗೆ ಮುಗಿಯುತ್ತದೆ. ಕಚೇರಿ ಎಲ್ಲ ಊರುಗಳಲ್ಲೂ ಆರಕ್ಕೋ ಆರೂವರೆಗೋ ಬಿಡುತ್ತದೆ. ನನ್ನ ಸೊಸೆ ಅಂಧೇರಿಯಿಂದ ಎರಡು ಲೋಕಲ್ ಬದಲಿಸಿ ಎಂಟೂವರೆಗೆ ಮನೆ ಸೇರುತ್ತಾಳೆ. ಮೊದಲ ವರ್ಷ ಎರಡನೆಯ ಡಬ್ಬಿಯನ್ನೂ ಒಯ್ದು ಐದೂವರೆಗೆ ಮೇಜಿನಲ್ಲೇ ಉಣ್ಣುತ್ತಿದ್ದಳು. ಆಮೇಲೆ ಆ ಹೊತ್ತಿಗೇ ಮೀಟಿಂಗ್ ಇಡತೊಡಗಿದರು. ಒಂದು ದಿನ ರಾತ್ರಿ ಒಂಬತ್ತಕ್ಕೆ ಹಸಿದು ಅಡಿಗೆಮನೆಯಲ್ಲಿ ನಿಂತಿದ್ದವಳು ನನ್ನನ್ನು ಕಂಡು ತಟ್ಟೆಯನ್ನು ಮರೆಮಾಡಿದಳು. ‘ಮಾವ, ನಿಮ್ಮೆದುರು ಉಣ್ಣುವುದಕ್ಕೆ ನಾಚಿಕೆಯಾಗುತ್ತದೆ’ ಎಂದಳು. ಎಪ್ಪತ್ತು ವರ್ಷದಿಂದ ವ್ರತ ಹಿಡಿದವನು ನಾನು. ಅಂದು ನಾಚಿಕೆಪಡಬೇಕಾದವನು ನಾನೆಂದು ನನಗೆ ಅನಿಸಿತು. ನನ್ನ ವ್ರತ ಸುಲಭವಾಗಿ ನಡೆದದ್ದು ಕಾಲೇಜು ನಾಲ್ಕಕ್ಕೆ ಬಿಡುತ್ತಿದ್ದುದರಿಂದ, ಮತ್ತು ಮನೆಯಲ್ಲಿ ಬಡಿಸುವವರು ಇದ್ದುದರಿಂದ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ತರುಣರ ಅರ್ಜಿಯ ಕಾರಣ ತಪ್ಪು, ದೀಪ ಹಗಲಲ್ಲ. ಸ್ನೇಹಭೋಜನ ಭಾನುವಾರ ಮಧ್ಯಾಹ್ನಕ್ಕೆ ಇರಲಿ, ಕಚೇರಿಯವರಿಗೂ ಆಗುತ್ತದೆ, ಮಕ್ಕಳಿಗೂ ಬಿಸಿಲು ಸಿಗುತ್ತದೆ. ಹಿರಿಯರ ಅರ್ಜಿಯ ಕಾರಣವೂ ತಪ್ಪು, ತೀರ್ಮಾನವೂ ತಪ್ಪು. ಯಾರ ಕಚೇರಿ ಬೇಗ ಬಿಡುತ್ತದೆ ಎಂಬುದು ಶ್ರಾವಕತನದ ಅಳತೆಯಾಗಬಾರದು. ಅದನ್ನು ಹಿಂದಕ್ಕೆ ಪಡೆಯಬೇಕೆಂದು ಕೈಮುಗಿದು ಕೇಳುತ್ತೇನೆ. ಅದರ ಬದಲು ಮೂರು ಕೆಲಸ ಮಾಡೋಣ: ಸಂಘದ ಎಲ್ಲ ಉತ್ಸವಗಳಲ್ಲಿ ರಾತ್ರಿಯ ಅಲಂಕಾರ ದೀಪಗಳನ್ನು ನಿಲ್ಲಿಸುವುದು, ಬೇಕೇ ಬೇಕಾದ ಕಡೆ ಹಳದಿ ದೀಪವನ್ನು ಕೆಳಮುಖವಾಗಿ ಹಾಕುವುದು, ಕೆಲಸಕ್ಕೆ ಹೋಗುವವರಿಗೆ ಸೂರ್ಯಾಸ್ತಕ್ಕೆ ಮುನ್ನ ಕಚೇರಿಗೇ ತಲುಪುವಂತೆ ಸಂಘದ ಡಬ್ಬಿ ವ್ಯವಸ್ಥೆ ಮಾಡುವುದು, ನಮ್ಮ ವಾರ್ಡಿನಲ್ಲಿ ಉಳಿದಿರುವ ಒಂದೇ ಮೈದಾನದ ಬಗ್ಗೆ ನಗರಪಾಲಿಕೆಗೆ ಎಲ್ಲರೂ ಸಹಿ ಹಾಕಿದ ಮನವಿ ಕೊಡುವುದು. ಮನವಿಯ ಕರಡನ್ನು ಬರೆದು ತಂದಿದ್ದೇನೆ, ಹೊರಗಿನ ಮೇಜಿನ ಮೇಲಿದೆ. ಇಂದಿನ ಸೂರ್ಯಾಸ್ತ ಆರು ಗಂಟೆ ಎರಡು ನಿಮಿಷಕ್ಕೆ. ಬಡಿಸುವವರು ಆಗಲೇ ನನ್ನತ್ತ ನೋಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಊಟದ ಪಂಕ್ತಿಯಲ್ಲಿ ಕೇಳಿ.

ಜಯ ಜಿನೇಂದ್ರ.